ಇದು ಆಲ್ಬಮ್ ಪ್ರಮೋಷನ್ ಅಲ್ಲ, ಮಲ್ಲೇಶ ನಿಜವಾಗಿಯೂ ಹೋದ

ನಂಬಲಿಕ್ಕೆ ಆಗುತ್ತಿಲ್ಲ...
ಮಣ್ಣು ಕೊಟ್ಟು ಬಂದು ಕೂತಿದ್ದೇನೆ. ಆದರೂ ಅರ್ಧ ಮನಸ್ಸು ಇನ್ನೂ ನಂಬುತ್ತಿಲ್ಲ.

ನಮ್ಮ ‘ಕೆಂಧೂಳಿ’ ಬ್ಯಾಂಡಿನ ಗಾಯಕ, ಮೆಟ್ರಿ ಊರಿನ ಮಲ್ಲೇಶ, ಇವತ್ತು ಬೆಳಿಗ್ಗೆ ತೀರಿಕೊಂಡ.
ಹಾರ್ಟ್ ಅಟ್ಯಾಕ್.

ದಯವಿಟ್ಟು ಇದಕ್ಕೂ ನಗುವ ಇಮೋಜಿ ಒತ್ತಬೇಡಿ...
ನಿಮ್ಮನ್ನು ಬೈಯುತ್ತಿಲ್ಲ. ಆಟ ಹೂಡಿದವರು ನಾವೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಮ್ಮದು ವೈಕಿಂಗ್ ಅನ್ನುವ ಹಳೇ ಕಾಲದ ಕಡಲ ಯೋಧರ ಕಥೆಗಳನ್ನು ಹಾಡುವ ಮೆಲೋಡಿಕ್ ಡೆತ್ ಮೆಟಲ್, ಅಬ್ಬರದ ರಾಕ್ ಸಂಗೀತ. ಗಿಟಾರ್ ಇಂಪಾಗಿ ಹಾಡುತ್ತಿದ್ದರೆ ಮಲ್ಲೇಶ ಹೊಟ್ಟೆಯೊಳಗಿಂದ ಗುಡುಗುತ್ತಿದ್ದ.
ಗಿಟಾರ್ ಸಂಡೂರಿನ ಖಾದರ್. ನಾವು ಸ್ಟೇಜಿನ ಮೇಲೆ ಹಾಕುವ ಕೊಂಬಿನ ಟೊಪ್ಪಿಗೆಗಳನ್ನು ಅಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದವನೂ ಅವನೇ.
ಡ್ರಮ್ಸ್ ನಾನು. ಕಂಪ್ಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ.
ಸಮುದ್ರ ಕಾಣದ ನಾವು ಹಂಪಿಯ ಹರಿಗೋಲನ್ನೇ ಹಡಗು ಮಾಡಿಕೊಂಡಿದ್ದೆವು...

ಹೊಸ ಆಲ್ಬಮ್ ‘ಸರದಾರನ ದೋಣಿ’.
ಸತ್ತ ಸರದಾರನನ್ನು ದೋಣಿಯಲ್ಲಿ ಕೂರಿಸಿ ಕಳಿಸಿಕೊಡುವ ಕಥೆ.
ಪೋಸ್ಟರಿಗಾಗಿ ಮಲ್ಲೇಶನನ್ನು ಹರಿಗೋಲಿನಲ್ಲಿ ಕೂರಿಸಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆವು. ಫಾರಿನ್ ಬ್ಯಾಂಡಿನವರು ಮುಖಕ್ಕೆ ಹಚ್ಚುವ ಬಿಳಿ ಬಣ್ಣ ನಮಗೆಲ್ಲಿ ಸಿಗಬೇಕು? ವಿಭೂತಿ ಬಳಿದೆವು.
ಆ ಫೋಟೋವನ್ನು ಕಂಪ್ಲಿ ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್ ಮಾಡಿ ಕಟ್ಟಿಸಿದೆವು.
‘ನಮ್ಮನ್ನಗಲಿದ ಸರದಾರ’ ಅಂತ ದೊಡ್ಡದಾಗಿ... ಆಲ್ಬಮ್ ಹೆಸರು ಮೂಲೆಯಲ್ಲಿ ಸಣ್ಣದಾಗಿ.

ಅದನ್ನು ನಿಜವೆಂದು ನಂಬಿ ಚೋರನೂರಿನಿಂದ ಅವನ ಸೋದರತ್ತೆ ಬಾಯಿ ಬಡಿದುಕೊಳ್ಳುತ್ತಾ ಬಂದಳು.
ಬಾಗಿಲು ತೆರೆದವನು ಇವನೇ!
“ಬಾ ಅತ್ತಿ, ಚಾ ಕುಡಿ” ಅಂದ.
“ಇಂಥಾ ಚ್ಯಾಷ್ಟಿ ಬ್ಯಾಡ್ರೋ, ಮನಿಹಾಳರಾ...” ಅಂತ ಉಗಿದು ಹೋದಳು. ನಾವು ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಲ್ಲೇಶಾ...
ಇನ್ನು ಮುಂದಿನದನ್ನು ನಿನಗೇ ಹೇಳುತ್ತೇನೆ.

ಬೆಳಿಗ್ಗೆ ನೀನು ಫೋನ್ ಮಾಡಿದಾಗ ನಾನು ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆ.
“ಎದಿ ಹಿಡಕೊಂಡೈತಲೇ... ಮನ್ಯಾಗ ಯಾರೂ ಇಲ್ಲ. ಗಾಡಿ ತಗೊಂಡು ಜಲ್ದಿ ಬಾ...”
“ಮಸ್ತ್ ಐತಲೇ ಆಕ್ಟಿಂಗ್! ಹಂಗ ರೆಕಾರ್ಡ್ ಮಾಡಿ ಕಳಸು, ಮುಂದಿನ ವಿಡಿಯೋಕ್ಕ ಹಾಕೋಣು.”
ನೀನು ಮತ್ತೇನೋ ಹೇಳುತ್ತಿದ್ದೆ.
ಕಟ್ ಮಾಡಿದೆ...
ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ ಕಣೋ.

ಅಂಗಡಿ ಶಟರ್ ಎತ್ತುವಾಗ ಖಾದರ್ ಫೋನ್.
“ಮಲ್ಲ್ಯಾ ಹೋಗಿಬಿಟ್ನಲೇ...”
“ಸಾಕ್ ಬಿಡಲೇ. ಎರಡನೇ ಸಲ ಯಾರು ನಂಬ್ತಾರ?”
“ಖುದಾ ಕಸಮ್ ಲೇ!”
ಅವನ ಅಳು ಸ್ವಲ್ಪ ಅತಿ ಆಯ್ತು ಅನ್ನಿಸಿತು. ನೀವಿಬ್ಬರೂ ಸೇರಿ ನನ್ನನ್ನು ಬಕ್ರಾ ಮಾಡಿ ವಿಡಿಯೋ ತೆಗೆಯುತ್ತೀರಿ ಅಂತ ಅನುಮಾನ.
ಎರಡು ತಾಸು ಅಂಗಡಿಯಲ್ಲೇ ಕೂತೆ. ಹೊರಡುವ ಮುಂಚೆ ಕನ್ನಡಿ ನೋಡಿ ತಲೆ ಬಾಚಿಕೊಂಡೆ...
ಥೂ ನನ್ನ ಜನ್ಮಕ್ಕೆ.

ಮನೆ ಮುಂದೆ ಶಾಮಿಯಾನ. ಇದನ್ನೂ ಹಾಕಿಸಿದನಾ ಅಂದುಕೊಂಡೆ.
ಭಜನೆಯವರು ಹಾರ್ಮೋನಿಯಂ ಹಿಡಿದು ಕೂತಿದ್ದರು. ಅವರನ್ನೂ ಪಟಾಯಿಸಿದ್ದಾನೆ ಅಂದುಕೊಂಡೆ.
ಒಳಗೆ ನೀನು ಗೋಡೆಗೆ ಒರಗಿ ಕೂತಿದ್ದೆ.
ನಮ್ಮ ಕಡೆ ಹೋದವರನ್ನು ಹಾಗೇ ಕೂರಿಸುತ್ತಾರೆ, ಗೊತ್ತಿಲ್ಲದ್ದೇನಲ್ಲ. ಆದರೂ... ಅದೇ ಹಾರ, ಅದೇ ವಿಭೂತಿ, ಪೋಸ್ಟರಿನ ಅದೇ ಪೋಸ್!
ಎಲ್ಲರೂ ಅಳುತ್ತಿದ್ದರೆ ನಾನು ಕ್ಯಾಮೆರಾ ಹುಡುಕುತ್ತಿದ್ದೆ. ಕಿಟಕಿಯಲ್ಲಿ... ಜಂತಿಯ ಸಂದಿಯಲ್ಲಿ... ಖಾದರನ ಅಂಗಿ ಜೇಬಿನಲ್ಲಿ...
ಇದು ನಾಟಕವೇ ಆಗಿರಲಿ ಅಂತ ಹುಡುಕುತ್ತಿದ್ದೆ. ಇಲ್ಲದಿದ್ದರೆ ಆ ಫೋನ್ ನಿಜವಾಗುತ್ತದಲ್ಲ!

ನಿನ್ನ ಎದೆಯ ಮೇಲಿನ ಹಾರ ಅಲುಗಿತು.
“ಉಸುರಾಡಾಕತ್ತ್ಯಾನ! ನೋಡ್ರಿ, ಉಸುರಾಡಾಕತ್ತ್ಯಾನ!” ಅಂತ ಕೂಗಿಬಿಟ್ಟೆ.
ಭಜನೆ ನಿಂತಿತು.
ಒಳಮನೆಯಿಂದ ನಿಮ್ಮಕ್ಕ ಶಾಂತಕ್ಕ ಓಡಿ ಬಂದಳು. ಮುಖದ ತುಂಬಾ ಆಸೆ...
ಯಾರೋ ಹಿರಿಯರು ಎದ್ದು ಟೇಬಲ್ ಫ್ಯಾನ್ ಆಫ್ ಮಾಡಿದರು.
ಹಾರ ಅಲುಗಲಿಲ್ಲ.
ನಿನ್ನ ಕಾಲು ಮುಟ್ಟಿದೆ. ತಣ್ಣಗಿತ್ತು.
ಶಾಂತಕ್ಕ ಅಲ್ಲೇ ಕುಸಿದು ಕೂತಳು.

ಖಾದರ್ ಮಧ್ಯಾಹ್ನ ಬ್ಯಾಂಡಿನ ಈ ಪೇಜಿನಲ್ಲಿ ಸುದ್ದಿ ಹಾಕಿದ. ಕೆಳಗೆ ‘ಪಾರ್ಟ್ ಟೂ ಬಂತು ನೋಡ್ರಪ್ಪೋ’ ಅಂತ ಕಾಮೆಂಟು.
ಹೊಸಪೇಟೆಯಿಂದ, ಕುರೆಕುಪ್ಪದಿಂದ ಒಬ್ಬ ಫ್ಯಾನೂ ಬರಲಿಲ್ಲ. ಮಣ್ಣು ಕೊಡುವಾಗ ಬ್ಯಾಂಡಿನ ಕಡೆಯಿಂದ ನಾವಿಬ್ಬರೇ ಇದ್ದೆವು ಮಲ್ಲೇಶಾ...

ಎಲ್ಲ ಮುಗಿದ ಮೇಲೆ ಶಾಂತಕ್ಕ ನಿನ್ನ ಫೋನ್ ಹಿಡಿದುಕೊಂಡು ಬಂದಳು.
“ತಮ್ಮಾ, ಕಡೀಕ ನಿನಗ ಫೋನ್ ಹಚ್ಯಾನ ನೋಡು... ಏನಂದ?”
ಫೋನ್ ಇಸಿದುಕೊಂಡು ನೋಡುವ ಹಾಗೆ ಮಾಡಿದೆ.
“ಆಲ್ಬಮ್ ಬಗ್ಗೆ ಮಾತಾಡಿದ ಅಕ್ಕಾ... ಜನಕ್ಕ ಹಿಡಿಸೈತಂತ, ಭಾಳ ಖುಷಿಯಾಗಿದ್ದ.”
“ಎದಿನೋವು ಅನ್ನಲಿಲ್ಲ?”
“ಇಲ್ಲಕ್ಕಾ.”
“ಹಂಗಾರ ನನ್ನ ತಮ್ಮ ನಕ್ಕೋಂತ ಹೋಗ್ಯಾನ ಬಿಡು” ಅಂದಳು.
ನನ್ನ ತಲೆ ಸವರಿ, “ನೀ ಅವನ ಜೀವದ ಗೆಳೆಯ. ಆಗಾಗ ಮನಿಗೆ ಬರ್ತಿರಪ್ಪಾ” ಅಂದಳು.

ಇವತ್ತು ಇಡೀ ದಿನ ನಿಜವನ್ನು ಯಾರೂ ನಂಬಲಿಲ್ಲ. ಈ ಸುಳ್ಳನ್ನು ಅಕ್ಕ ಒಂದೇ ಮಾತಿಗೆ ನಂಬಿದಳು...

ಶಾಂತಕ್ಕಾ, ನೀನು ಈ ಪೇಜ್ ನೋಡುತ್ತೀಯ. ತಮ್ಮನ ಪೋಸ್ಟಿಗೆ ಮೊದಲ ಲೈಕ್ ಯಾವಾಗಲೂ ನಿನ್ನದೇ.
ಎದುರಿಗೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಎಲ್ಲರ ಮುಂದೆ ಇಲ್ಲಿ ಬರೆದಿದ್ದೇನೆ.
ಅವನು ನಗುತ್ತಾ ಹೋಗಲಿಲ್ಲ ಅಕ್ಕಾ. ನನ್ನನ್ನು ಕರೆಯುತ್ತಾ ಹೋದ.
ನಾಳೆ ಬೆಳಿಗ್ಗೆ ಮನೆಗೆ ಬರುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿನಗೆ ಸೇರಿದ್ದು.

ಹೋಗಿ ಬಾ ಮಲ್ಲೇಶಾ...
ನಿನ್ನ ಜೀವ ಎಲ್ಲಿದ್ದರೂ ತಣ್ಣಗಿರಲಿ.