ಘಟನೆ ಪುಸ್ತಕದ ಆ ಪುಟ

ಮಾಬುಬಿ ಅಕ್ಕ, ನೀವು ಜಾರಿ ಬೀಳಲಿಲ್ಲ. ನಾನು ದಬ್ಬಿದೆ. ಆಮೇಲೆ ಕಂಪನಿಯ ಘಟನೆ ಪುಸ್ತಕದಲ್ಲಿ 'ಹೆಣ್ಣುಮಗಳು ತಾನಾಗಿ ಕಾಲು ಜಾರಿ ಬಿದ್ದಳು' ಎಂದು ಕೈಯಾರೆ ಬರೆದೆ. ನಾಲ್ಕು ವರ್ಷ ಆ ಸಾಲನ್ನು ಕಾದುಕೊಂಡೆ — ಕಂಪನಿಯ ಬೇಲಿಗಿಂತ ಜೋಪಾನವಾಗಿ.

ಆಗ ನಾನು ಸವಣೂರಿನ ಹೊರಗಿನ ಗಾಳಿಯಂತ್ರದ ಕಂಪನಿಯಲ್ಲಿ ಕಾವಲುಗಾರರ ಮೇಲ್ವಿಚಾರಕ. ನಿಮ್ಮ ಎಲೆತೋಟದಿಂದ ಶಿಗ್ಗಾಂವದ ಬಸ್ಸು ನಿಲ್ಲುವ ರಸ್ತೆಗೆ ಹೋಗುವ ಹಳೆಯ ಕಾಲುದಾರಿಗೆ ಕಂಪನಿ ಗೇಟು ಹಾಕಿತ್ತು. ನೀವು ತಲೆಯ ಮೇಲೆ ವೀಳ್ಯದೆಲೆಯ ಬುಟ್ಟಿ ಹೊತ್ತು ಬಂದಿರಿ. "ಬಸ್ ತಪ್ಪತೈತ್ರಿ, ಇದೊಂದ್ಸಲ ಬಿಡ್ರಿ," ಎಂದಿರಿ. ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಕೈಕೆಳಗಿನವರೆಲ್ಲ ನೋಡುತ್ತಿದ್ದರು — ನನಗೆ ಸಾಹೇಬನಾಗುವ ಹುಕಿ. ದಬ್ಬಿದೆ. ಎಲೆಯೆಲ್ಲ ಮಣ್ಣುಪಾಲಾಯಿತು, ನಿಮ್ಮ ಎಡಗೈ ಮಣಿಕಟ್ಟು ಮುರಿಯಿತು.

ನೀವು ಊರೆಲ್ಲ ನಿಜವನ್ನೇ ಹೇಳುತ್ತ ತಿರುಗಿದಿರಿ. ಕೇಳಲು ಬಂದವರಿಗೆಲ್ಲ ಕಂಪನಿ ತೋರಿಸಿದ ಪುಸ್ತಕ ಬೇರೆಯದನ್ನು ಹೇಳುತ್ತಿತ್ತು. ಊರು ಪುಸ್ತಕವನ್ನು ನಂಬಿತು. ಸುಳ್ಳುಬುರುಕಿ ಎಂಬ ಹೆಸರು ನಿಮಗೆ ಅಂಟಿಕೊಂಡಿತು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ — ಒಂದೇ ಒಂದು ಮಾತು ಆಡಿದ್ದರೆ... ಆಡಲಿಲ್ಲ.

ಕಳೆದ ವರ್ಷ ಕಂಪನಿ ಹೊಸ ನಿಯಮಗಳನ್ನು ಒಪ್ಪಿಕೊಂಡಿತು. ಸರಕಾರದ ಕಾನೂನಲ್ಲ, ಕಾವಲಿನ ಹೆಸರಿನಲ್ಲಿ ಯಾರ ಹಕ್ಕನ್ನೂ ತುಳಿಯುವುದಿಲ್ಲವೆಂದು ತಾನಾಗಿ ಕೊಟ್ಟ ಮಾತು. ಯಾರ ಮೇಲಾದರೂ ಕೈ ಮಾಡಿದರೆ ಬರೆದಿಡಬೇಕು, ಪೆಟ್ಟಾದವರನ್ನು ಮೊದಲು ದವಾಖಾನೆಗೆ ಒಯ್ಯಬೇಕು, ಘಟನೆ ಪುಸ್ತಕವನ್ನು ಹಳೆಯ ಪುಟಗಳ ಸಮೇತ ಊರವರ ಮುಂದೆ ಓದಬೇಕು. ಓದಲು ನನ್ನನ್ನೇ ಆರಿಸಿದರು — ದೊಡ್ಡಾಟದಲ್ಲಿ ವೇಷ ಕಟ್ಟಿದ ಗಂಟಲಲ್ಲವೇ. ನಾನೂ ಉಬ್ಬಿಹೋದೆ. ಆ ಪುಟವನ್ನೂ ಗಡಗಡ ಓದಿ ಮುಗಿಸಿದರಾಯಿತು ಎಂದುಕೊಂಡಿದ್ದೆ.

ಪಂಚಾಯಿತಿ ಸಭಾಭವನದಲ್ಲಿ ನೀವು ಮುಂದಿನ ಸಾಲಿನಲ್ಲೇ ಕುಳಿತಿದ್ದಿರಿ, ಸೊಟ್ಟಗೆ ಕೂಡಿಕೊಂಡ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ನಿಮ್ಮ ಪುಟ ಬಂತು. 'ಹೆಣ್ಣುಮಗಳು ತಾನಾಗಿ —' ಅಲ್ಲಿಗೆ ನಿಮ್ಮ ಆ ಕೈ ಕಣ್ಣಿಗೆ ಬಿತ್ತು, ಓದು ನಿಲ್ಲಿಸಿದೆ.

"ಯಾಕ ನಿಂತ್ರಿ ಸಾಹೇಬ್ರ? ಮುಂದ ಓದ್ರಿ," ಎಂದಿರಿ ನೀವು. "ಅದನ್ನ ಕೇಳಾಕ ಬಂದೇನಿ."

ಓದಲಾಗಲಿಲ್ಲ. "ಇದು ಸುಳ್ಳೈತ್ರಿ. ಇವರನ್ನ ದಬ್ಬಿದಾಂವ ನಾನ," ಎಂದೆ.

ನೀವು ಅಳಲಿಲ್ಲ, ಬೈಯಲಿಲ್ಲ. ಎದ್ದು ಬಂದು ಪುಸ್ತಕದ ಮೇಲೆ ಬೆರಳಿಟ್ಟಿರಿ. "ಬಾಯಿಮಾತು ಬ್ಯಾಡ. ಇಲ್ಲೇ ಬರೀರಿ. ಬರದು ಎಲ್ಲಾರಿಗೂ ಕೇಳೂ ಹಂಗ ಓದ್ರಿ."

ಬರೆದೆ. ಓದಿದೆ. ಹಿಂದೆ ಕುಳಿತಿದ್ದ ಎಲೆತೋಟದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅಂದು ನಿಮಗೆ ಬಿದ್ದಂಥ ಚಪ್ಪಾಳೆ ನನ್ನ ಯಾವ ವೇಷಕ್ಕೂ ಬಿದ್ದದ್ದಿಲ್ಲ. ಸುಳ್ಳುಬುರುಕಿ ಎಂದವರೇ ಕುರ್ಚಿ ತಂದು ಹಾಕಿದರು. ನೀವು ಕುಳಿತುಕೊಳ್ಳಲಿಲ್ಲ, ಕಂಪನಿಯವರ ಕಡೆ ತಿರುಗಿ, "ಮೊದಲ ನಮ್ಮ ದಾರಿ ಬಿಡ್ರಿ," ಎಂದಿರಿ. ಆ ವಾರವೇ ಗೇಟಿನ ಬೀಗ ತೆಗೆದರು.

ನನ್ನ ಮೇಲ್ವಿಚಾರಕನ ಹುದ್ದೆ ಹೋಯಿತು, ಹೋಗಬೇಕಾದದ್ದೇ. ಈಗ ಅದೇ ಗೇಟಿನಲ್ಲಿ ಬರೀ ಕಾವಲುಗಾರ. ಮುಂಜಾನೆ ನೀವು ಬುಟ್ಟಿಯನ್ನು ಬಲಗೈಯೊಂದರಲ್ಲೇ ಹಿಡಿದು, ತಲೆ ಎತ್ತಿ ನಡೆದು ಬರುವುದನ್ನು ಕಂಡರೆ ನನ್ನ ಎದೆಯೂ ಉಬ್ಬುತ್ತದೆ — ಆ ಹಕ್ಕು ನನಗಿಲ್ಲ, ಗೊತ್ತು. ಗೆದ್ದವರು ನೀವು. ಕ್ಷಮಿಸಿರೆಂದು ಕೇಳುವುದಿಲ್ಲ, ಕ್ಷಮಿಸಿದರೂ ಆ ಕೈ ನೆಟ್ಟಗಾಗುವುದಿಲ್ಲ. ನೀವು ಬರುವ ಮೊದಲೇ ಗೇಟು ತೆಗೆದಿಟ್ಟು, ಬದಿಗೆ ಸರಿದು ನಿಲ್ಲುತ್ತೇನೆ.