ಅವ್ವನ ಸೊಪ್ಪಿನ ತೋಟ ಮತ್ತು ದೊಡ್ಡ ಕೋರ್ಟು

ಬಸವನಗುಡಿಯ ಹೊಸ ಬಡಾವಣೆ ಬೆಳೆಯುತ್ತಾ ಬೆಳೆಯುತ್ತಾ ನಮ್ಮ ತೋಟದ ಬೇಲಿಗೆ ಬಂದು ನಿಂತಿತ್ತು. ತೋಟ ದೊಡ್ಡದೇನಲ್ಲ. ಒಂದು ಬಾವಿ, ದಂಟು, ಮೆಂತ್ಯ, ಕೊತ್ತಂಬರಿಯ ಮಡಿಗಳು, ಅಂಚಿಗೆ ಕನಕಾಂಬರ. ಅಪ್ಪ ಪ್ಲೇಗಿನಲ್ಲಿ ತೀರಿಹೋದ ಮೇಲೆ ಅವ್ವ ಅದನ್ನೇ ನಂಬಿ ನನ್ನನ್ನು ಓದಿಸಿದ್ದಳು. ನಾನು ಚಾಮರಾಜಪೇಟೆಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ಬೆಳಿಗ್ಗೆ ಸರ್ಕಾರದ ಆಳುಗಳು ಬಂದು, ಇಲ್ಲಿ ರಸ್ತೆ ಬರುತ್ತದೆ, ತೋಟ ಬಿಡಬೇಕು ಎಂದರು. ಅದಕ್ಕೆ ಮುಂಚೆ ಯಾರೂ ನಮ್ಮನ್ನು ಒಂದು ಮಾತು ಕೇಳಿರಲಿಲ್ಲ.

ಅವ್ವ ವ್ಯಾಜ್ಯ ಹೂಡಿದಳು, ಕೆಳಗಿನ ಕೋರ್ಟಿನಲ್ಲಿ ಗೆದ್ದಳು. ಸರ್ಕಾರ ಸಂಸ್ಥಾನದ ಎಲ್ಲಕ್ಕೂ ಮೇಲಿನ ಕೋರ್ಟಿಗೆ ಅಪೀಲು ಹೋಯಿತು. ಅಲ್ಲಿ ಸೋತರೆ ತೋಟ ಹೋದಂತೆಯೇ.

ನಮ್ಮ ಹೆಡ್ ಮೇಷ್ಟ್ರು ಕನಿಕರದಿಂದಲೇ ಕೇಳಿದರು: “ಅಲ್ರೀ, ಆ ಜಡ್ಜಿಗಳಿಗೆ ಸಂಬಳ ಕೊಡೋದು ಯಾರು? ಸರ್ಕಾರ ತಾನೆ? ನಿಮಗೂ ಕೊಡೋದು ಅವರೇ ತಾನೆ?”

ಮನೆಗೆ ಬಂದು ಹೇಳಿದೆ. ಅವ್ವ ಸೊಪ್ಪು ಕಟ್ಟುವ ಕೈ ನಿಲ್ಲಿಸಲಿಲ್ಲ. “ಸಂಬಳ ಕೊಟ್ಟೋರು ಹೇಳ್ದಂಗೇ ಕೇಳೋದಾದ್ರೆ, ಅಷ್ಟು ದೊಡ್ಡ ಕಟ್ಟಡ ಯಾಕ್ ಕಟ್ಟಿಸ್ತಿದ್ರು? ಬಾಯ್ಮುಚ್ಕೊಂಡು ನನ್ ಜೊತೆ ಬಾ.”

ತೀರ್ಪಿನ ದಿನ ಕಲಾಸಿಪಾಳ್ಯ, ಪೇಟೆ ದಾಟಿ ದೊಡ್ಡ ಕೋರ್ಟಿನ ಕೆಂಪು ಕಟ್ಟಡಕ್ಕೆ ನಡೆದೇ ಹೋದೆವು. ಮೂವರು ನ್ಯಾಯಾಧೀಶರು ಬಂದು ಕೂತರು. ನಡುವಿನವರು, ಮುಖ್ಯ ನ್ಯಾಯಾಧೀಶರು, ಇಂಗ್ಲಿಷಿನಲ್ಲಿ ಓದತೊಡಗಿದರು. ನನಗೆ ಬರುತ್ತಿದ್ದ ಇಂಗ್ಲಿಷು ಅದಕ್ಕೆ ಸಾಲದು. ನಮ್ಮ ವಕೀಲರು ಮುಂದಿನ ಸಾಲಿನಲ್ಲಿದ್ದರು. ಪೀಠಕ್ಕೆ ಬೆನ್ನು ಹಾಕುವಂತಿಲ್ಲವೆಂಬುದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಅವರ ಮುಖ ನಮಗೆ ಕಾಣಲಿಲ್ಲ, ಪೇಟದ ಹಿಂಭಾಗ ಮಾತ್ರ ಕಾಣುತ್ತಿತ್ತು.

ಓದು ಮುಗಿಯಿತು. ಸರ್ಕಾರದ ವಕೀಲರು ಎದ್ದು ನಗುಮುಖದಿಂದ ಪೀಠಕ್ಕೆ ಬಾಗಿದರು.

“ನೋಡ್ದಾ, ಅವ್ನೇ ಗೆದ್ದ. ನಡಿ,” ಎಂದು ಅವ್ವ ಎದ್ದುಬಿಟ್ಟಳು. ನಾನೂ ಹಾಗೆಯೇ ತಿಳಿದೆ. ಸೋತವರೂ ನಗುಮುಖದಿಂದಲೇ ಬಾಗಿ ವಂದಿಸುವುದು ಅಲ್ಲಿಯ ರೂಢಿಯೆಂದು ನಮಗೆ ಹೇಗೆ ಗೊತ್ತಾಗಬೇಕು? ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲತ್ತ ನಡೆದಳು. ನಾನೂ ಹಿಂದೆಯೇ ಹೋದೆ.

“ಆ ತಾಯಿನ ನಿಲ್ಲಿಸಿ.”

ಕನ್ನಡ. ಮುಖ್ಯ ನ್ಯಾಯಾಧೀಶರದೇ ದನಿ. ಏಳಲು ಹೊರಟಿದ್ದವರು ಮತ್ತೆ ಕೂತಿದ್ದರು. ಪಕ್ಕದ ಇಬ್ಬರೂ ಕೂತರು.

“ಯಾಕಮ್ಮ ಹೊರಟ್ರಿ?”

“ಸೋತ್ಮೇಲೆ ಇನ್ನೇನ್ ಕೆಲ್ಸ ಸ್ವಾಮಿ? ಸೊಪ್ಪಿಗೆ ನೀರಾದ್ರೂ ಹಾಕ್ತೀನಿ, ತೋಟ ಇರೋಗಂಟ.”

“ನೀವು ಗೆದ್ದಿದೀರಿ. ತೋಟ ನಿಮ್ಮದೇ. ನಿಮ್ಮ ಮಾತು ಕೇಳದೆ ಅದನ್ನ ಯಾರೂ ತಗೊಳ್ಳೋ ಹಾಗಿಲ್ಲ. ಸರ್ಕಾರವೂ ತಗೊಳ್ಳೋ ಹಾಗಿಲ್ಲ.”

ಅವ್ವ ಬಿಡಲಿಲ್ಲ. “ಮಹಾರಾಜ್ರೂ?”

ನಾನು ಅವಳ ಸೆರಗು ಎಳೆದೆ. ಅವಳು ನನ್ನ ಕೈ ತಟ್ಟಿ ತಳ್ಳಿದಳು.

ಮುಖ್ಯ ನ್ಯಾಯಾಧೀಶರು ನಗಲಿಲ್ಲ, ಗದರಲೂ ಇಲ್ಲ. “ಈ ಕಾನೂನು ಮಹಾರಾಜರೇ ಕೊಟ್ಟಿದ್ದು. ತಾವು ಕೊಟ್ಟ ಮಾತನ್ನ ಅವರು ಮೀರೋದಿಲ್ಲಮ್ಮ. ಅದನ್ನ ನೋಡ್ಕೊಳ್ಳೋಕೇ ನಾವು ಇಲ್ಲಿ ಕೂತಿರೋದು,” ಎಂದರು.

ಆಮೇಲೆ ಹೊರಗೆ ವರಾಂಡದಲ್ಲಿ ಸರ್ಕಾರದ ವಕೀಲರೇ ಹತ್ತಿರ ಬಂದು, “ಇನ್ಮೇಲೆ ನಮ್ಮನೆಗೂ ಸೊಪ್ಪು ಕಳಿಸಮ್ಮ,” ಎಂದರು.

“ಕಳಿಸ್ತೀನಿ ಬುದ್ಧಿ. ಆದ್ರೆ ಕಾಸು ಕೈಗಿಟ್ಟು ತಗೊಳ್ಳಿ. ನಿಮ್ಮ ಸರ್ಕಾರದ ತರ ಸುಮ್ನೆ ಎತ್ಕೊಂಡ್ ಹೋಗ್ಬೇಡಿ.”

ಅವರೇ ಮೊದಲು ನಕ್ಕರು. ನಮ್ಮ ವಕೀಲರು ಗೋಡೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರುವ ಮೊದಲು ಅಳು ಬಂತು. ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡೆ.

ಕೆಲವು ದಿನಗಳ ಮೇಲೆ ಬಡಾವಣೆಯ ಎಂಜಿನಿಯರು ಬಂದರು. ಬೇಲಿಯ ಹೊರಗೇ ಕಾಲಿನ ಜೋಡು ಬಿಟ್ಟು, ಒಳಗೆ ಬರಬಹುದೇ ಎಂದು ಕೇಳಿ, ಬಾವಿಕಟ್ಟೆಯ ಮೇಲೆ ಕೂತು, “ಹೇಳಿ ಅಮ್ಮ,” ಎಂದರು. ಅವ್ವ ಬಿಸಿಲೇರುವವರೆಗೂ ಹೇಳಿದಳು. ಅವರು ಕೊನೆಯವರೆಗೂ ಕೇಳಿದರು. ರಸ್ತೆಯನ್ನು ನಮ್ಮ ಬೇಲಿಗೆ ತಾಗದಂತೆ ಸುತ್ತಿಸಿ ಆಚೆಯಿಂದ ಒಯ್ದರು.