ನೀಲಿ ಫಕ್ರುವಿನ ಕಡತ

ಚನ್ನಪಟ್ಟಣದ ಬೊಂಬೆ ಕೆಲಸಗಾರರಿಗಾಗಿ ೨೦೦೨ರಲ್ಲಿ ನಾನೊಂದು ಇಮೇಲ್ ಬಳಗ ಶುರುಮಾಡಿದೆ. ನಾನು ಸಸ್ಯಗಳ ಬಣ್ಣದ ರಸಾಯನ ಓದಿದವಳು. ಅಂಥ ಬಣ್ಣವನ್ನು ಅರಗಿಗೆ ಬೆರೆಸಿ ಮರದ ಬೊಂಬೆಗೆ ಹಚ್ಚುವುದು ಹೇಗೆ ಎಂಬುದೇ ಅಲ್ಲಿನ ಚರ್ಚೆ. ಪತ್ರಗಳ ಕಡತವನ್ನು ಕಾಯ್ದವನು ಫಕ್ರುದ್ದೀನ್.

ಆಗ ಕಂಪ್ಯೂಟರ್ ಇದ್ದದ್ದು ಅವನ ಬೊಂಬೆ ಕಾರ್ಖಾನೆಯಲ್ಲಿ ಮಾತ್ರ. ಸಂಜೆ ಲೇತ್ ನಿಂತ ಮೇಲೆ, ಅರಗಿನ ವಾಸನೆಯಲ್ಲಿ, ನಾಲ್ಕಾರು ಜನ ಗೋಣಿಚೀಲದ ಮೇಲೆ ಕೂತು ಹೇಳುತ್ತಿದ್ದರು. ಇವನು ಟೈಪ್ ಮಾಡಿ ತನ್ನ ಇಮೇಲಿನಿಂದ ಕಳಿಸುತ್ತಿದ್ದ. ಫೋನ್ ಲೈನ್ ಕಟ್ಟಾದರೆ ಬೈಗುಳವೂ ಇವನಿಗೇ. ಅಷ್ಟು ಒಳ್ಳೆಯ ಚರ್ಚೆಯನ್ನು ನಾನು ಆಮೇಲೆ ಯಾವ ವಿಚಾರ ಸಂಕಿರಣದಲ್ಲೂ ಕೇಳಲಿಲ್ಲ.

ಬಿಸಿಗೆ ಕಪ್ಪಾಗದ ನೀಲಿಯ ವಿಧಾನ ಬಂದದ್ದು ಅಲ್ಲೇ. ಪತ್ರ ಫಕ್ರುದ್ದೀನನ ಹೆಸರಿನಲ್ಲಿತ್ತು. ನನ್ನ ಲೇಖನದಲ್ಲೂ ಹಾಗೇ ಬರೆದೆ. ಊರಿಗೆ ಅವನು ನೀಲಿ ಫಕ್ರು ಆದ.

ಹೋದ ವರ್ಷ, ಕಡತವಿದ್ದ ಸರ್ವರ್ ಮುಚ್ಚುವುದಾಗಿ ನೋಟಿಸ್ ಬಂತು. ಫಕ್ರುದ್ದೀನ್ ಎಲ್ಲವನ್ನೂ ಇಳಿಸಿಕೊಂಡು ರಿಪೇರಿಗೆ ಕೂತ. ಕಂಪ್ಯೂಟರಿನ ತಪ್ಪಿನಿಂದ ೧೯೭೦ರ ತಾರೀಕು ಬಿದ್ದಿದ್ದ ಪತ್ರಗಳನ್ನು ಅವುಗಳ ಜಾಗಕ್ಕೆ ತಂದ, ಬೇರೆಯಾಗಿದ್ದ ಉತ್ತರಗಳನ್ನು ಪ್ರಶ್ನೆಗಳ ಕೆಳಗೆ ಸೇರಿಸಿದ. ಅಷ್ಟರಲ್ಲಿ ನಿಖಾತ್ ಬಳಗಕ್ಕೆ ಬರೆದಳು: "ನಮ್ಮಬ್ಬಂದು ಒಂದು ಪತ್ರನಾದ್ರೂ ಐತಾ?" ಅವಳ ತಂದೆ ಸಮದ್ ಆ ಗೋಣಿಚೀಲದ ಮೇಲೆ ಕೂರುತ್ತಿದ್ದವರಲ್ಲಿ ಒಬ್ಬ, ತೀರಿಕೊಂಡು ಆರು ವರ್ಷವಾಗಿತ್ತು. ಹುಡುಕಿದೆ. ಅವನ ಹೆಸರಿನಲ್ಲಿ ಒಂದೂ ಇರಲಿಲ್ಲ.

ಮರುದಿನ ಫಕ್ರುದ್ದೀನ್ ನನ್ನೆದುರು ನೀಲಿಯ ಪತ್ರ ತೆರೆದ.

"ಮೇಡಮ್, ಇದು ಸಮದ್ ಭಾಯ್ ಹೇಳಿದ್ದು. ನಾನು ಬರೀ ಟೈಪ್ ಮಾಡಿದ್ದು. ಹೆಸರು ಬದಲಾಯಿಸ್ಬುಡ್ಲಾ?"

"ಇಷ್ಟು ವರ್ಷ ಸುಮ್ಮನಿದ್ದೆಯಲ್ಲ."

"ಮೊದ್ಲು ಯಾರೂ ಕೇಳ್ಲಿಲ್ಲ. ಆಮೇಲೆ, ನೀಲಿ ಫಕ್ರು ಅನ್ನಿಸ್ಕೊಳ್ಳೋಕೆ ಚೆನ್ನಾಗಿತ್ತು."

"ಸಾಕ್ಷಿ?"

ಅವನು ಒಂದು ಸಾಲು ತೋರಿಸಿದ: ಅರಗನ್ನು ಒಲೆಯಿಂದ ಇಳಿಸಿ, ಎಡಗೈಯಿಂದ ಬಿಗಿಯಾಗಿ ಎಳೆಯುತ್ತಾ ಬಲಗೈಯಿಂದ ನೀಲಿ ಉದುರಿಸಬೇಕು. ನಂತರ ತನ್ನ ಎಡಗೈಯನ್ನು ಮೇಜಿನ ಮೇಲಿಟ್ಟ. ಅದರ ಎರಡು ಬೆರಳನ್ನು ಬಳಗ ಶುರುವಾಗುವ ಮೊದಲೇ ಲೇತ್ ತೆಗೆದುಕೊಂಡಿತ್ತು. ಆ ಕೈಯನ್ನು ಎಷ್ಟೋ ಸಲ ನೋಡಿಯೂ ನಾನು ಲೇಖನದಲ್ಲಿ ಅವನ ಹೆಸರು ಬರೆದಿದ್ದೆ.

ಹಳೆಯ ಪತ್ರವನ್ನು ತಿದ್ದಕೂಡದು. ಅದು ನನ್ನ ನಿಯಮ. ಮೇಲೊಂದು ಸಾಲು ಸೇರಿಸಲು ಹೇಳಿದೆ: "ಹೇಳಿದವರು ಸಮದ್, ಟೈಪ್ ಮಾಡಿದವರು ಫಕ್ರುದ್ದೀನ್." ನನ್ನ ತಪ್ಪನ್ನು ಬಳಗಕ್ಕೆ ಬರೆದು ತಿಳಿಸಿದೆ.

ಫಕ್ರುದ್ದೀನ್ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ತನ್ನ ಹೆಸರಿನಲ್ಲಿದ್ದ ನಾನೂರು ಚಿಲ್ಲರೆ ಪತ್ರಗಳಿಗೂ ಹಾಗೆಯೇ ಹೇಳಿದವರ ಹೆಸರು ಬರೆದ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಅವನವೇ ಎಂದು ಉಳಿದದ್ದು ಹನ್ನೊಂದು. ಅದರಲ್ಲಿ ಒಂಬತ್ತು, ಫೋನ್ ಲೈನ್ ಕಟ್ಟಾದದ್ದಕ್ಕೆ ಕ್ಷಮೆ ಕೇಳಿದ್ದು.

ಅವನ ಹೆಂಡತಿ ಮುನ್ನೀ ಟೀ ತಂದಿಟ್ಟಳು. "ಇನ್ಮೇಲೆ ನೀಲಿ ಫಕ್ರು ಅನ್ನಂಗಿಲ್ಲ. ಊರೋರು ಏನಂತ ಕರೀಬೇಕು ನಿಮ್ಮನ್ನ?"

"ಟೈಪಿಸ್ಟ್ ಅನ್ಲಿ," ಎಂದು ಅವನು ಆ ಹನ್ನೊಂದು ಪತ್ರಗಳ ತಾರೀಕು ಸರಿಯಿದೆಯೇ ಎಂದು ನೋಡತೊಡಗಿದ.